ಒಂದು ಬಾಣಂತನಕ್ಕೆ ಹೋಗಿ ಎರಡು ಕೂಸು ಎತ್ತಿಕೊಂಡದ್ದು

ದುಬೈ ವಿಮಾನ ನಿಲ್ದಾಣ

ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸು. ಊರ ತುಂಬ ಹೆಂಗಸರ ಬಾಣಂತನ ಕಂಡವಳಿಗೆ ಒಡಹುಟ್ಟಿದ ತಂಗಿಯ ಬಾಣಂತನ ಮಾಡುವ ಯೋಗ ಬಂದದ್ದು ದುಬೈಯಲ್ಲಿ. ತಂಗಿ ಶೋಭಾ, ಅವಳ ಗಂಡ ಮಹೇಶ ಅಲ್ಲಿದ್ದರು. ಮಹೇಶ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಸಾಲಾಗಿ ರಜೆ ಹಾಕಿ ಹೊರಟೆ.

ದುಬೈ ಎಂದ ಕೂಡಲೇ ವಾರ್ಡಿನವರೆಲ್ಲ ಬಂಗಾರದ ಅಂಗಡಿಯ ಮಾತೆತ್ತಿದರು. ನನ್ನ ಚೀಲದಲ್ಲಿದ್ದದ್ದು ಅಂಟಿನುಂಡೆ, ಮೆಂತ್ಯದ ಹಿಟ್ಟು, ಅಳವಿ ಕಾಳು, ಅಜವಾನ, ಒಣಕೊಬ್ಬರಿ ಮತ್ತು ನನ್ನ ಹಳೆಯ ಬಿ.ಪಿ. ನೋಡುವ ಯಂತ್ರ. ಗಸಗಸೆ ಮಾತ್ರ ತರಲೇಬೇಡ ಎಂದು ತಂಗಿ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದಳು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಅಫೀಮಿನ ಸಾಲಿನಲ್ಲಿ ನಿಲ್ಲುತ್ತದಂತೆ.

ಗಸಗಸೆ ಇಲ್ಲದಿದ್ದರೂ ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಕಪ್ಪು ಬುರ್ಖಾದ ಅಧಿಕಾರಿಣಿಯೊಬ್ಬಳು ಒಂದೊಂದೇ ಗಂಟು ಬಿಚ್ಚತೊಡಗಿದಳು. ಬೆರಳಿಗೆ ಮದರಂಗಿ ಇತ್ತು, ಮುಖದಲ್ಲಿ ನಗೆ ಇರಲಿಲ್ಲ. ಮೆಂತ್ಯದ ಹಿಟ್ಟು ಮೂಸಿ "ಹಿಲ್ಬಾ?" ಎಂದಳು. ಅಳವಿ ಕಾಳನ್ನು ಅಂಗೈಯಲ್ಲಿ ಹರಡಿ "ರಶಾದ್?" ಎಂದಳು. ನಾನು ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ ಹೊಟ್ಟೆಯ ಮುಂದೆ ಕೈಯಿಂದ ದುಂಡಗೆ ತೋರಿಸಿ, ಕೂಸನ್ನು ತೂಗಿದಂತೆ ಮಾಡಿ, "ಸಿಸ್ಟರ್, ಸಿಸ್ಟರ್" ಎಂದೆ. ಅವಳ ಮುಖ ಅರಳಿತು. ನೆಲ ಒರೆಸುತ್ತಿದ್ದ ಕೇರಳದ ಹೆಂಗಸು ಹಿಂದಿಯಲ್ಲಿ ತಿಳಿಸಿದಳು, ಇವರಲ್ಲೂ ಬಾಣಂತಿಗೆ ಮೆಂತ್ಯ ಮತ್ತು ಅಳವಿಯನ್ನೇ ಕೊಡುತ್ತಾರೆ.

ಬಿ.ಪಿ. ಯಂತ್ರದ ರಬ್ಬರ್ ನಳಿಕೆ ಕಂಡು ಅವಳಿಗೆ ಮತ್ತೆ ಸಂಶಯ ಬಂತು. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸುಲಭ ಎಂದು ಅವಳ ತೋಳಿಗೇ ಪಟ್ಟಿ ಸುತ್ತಿ ಗಾಳಿ ತುಂಬಿದೆ. ಆ ದೇಶದಲ್ಲಿ ನಾನು ನೋಡಿದ ಮೊದಲ ಬಿ.ಪಿ. ಕಸ್ಟಮ್ಸ್ ಇಲಾಖೆಯದು, ನಾರ್ಮಲ್ ಇತ್ತು.

ಅಲ್ ಬರ್ಷಾ

ತಂಗಿಯ ಮನೆ ಅಲ್ ಬರ್ಷಾದಲ್ಲಿ. ಮೆಟ್ರೊ ಇನ್ನೂ ಓಡುತ್ತಿರಲಿಲ್ಲ. ರಸ್ತೆಯುದ್ದಕ್ಕೂ ಬರೀ ಕಂಬಗಳು, ಚಪ್ಪರ ಹಾಕುವುದನ್ನು ಮರೆತ ಮದುವೆ ಮನೆಯ ಹಾಗೆ. ಹತ್ತಿರದ ದೊಡ್ಡ ಮಾಲ್‌ನೊಳಗೆ ಹಿಮದ ಗುಡ್ಡ ಮಾಡಿದ್ದರು. ಹೊರಗೆ ಚಪ್ಪಲಿ ಅಂಟುವಷ್ಟು ಬಿಸಿಲು, ಒಳಗೆ ಜನ ಬಾಡಿಗೆ ಕೋಟು ತೊಟ್ಟು ನಡುಗುತ್ತಿದ್ದರು.

ಮೊದಲ ದಿನವೇ ನಾನು ನೀರಿನಲ್ಲಿ ಸೋತೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಮಹೇಶ ನಗುತ್ತ ಹೇಳಿದ, "ಅಕ್ಕಾರ, ಬ್ಯಾಸಗ್ಯಾಗ ಇಲ್ಲಿ ಎಲ್ಲಾ ಉಲ್ಟಾರಿ. ಗೀಜರ್ ಬಂದ್ ಮಾಡಿ ಅದರಾಗಿನ ನೀರು ಬಿಟಗೋರಿ. ಅದು ಒಳಗ ನೆರಳಾಗ ಇರತೈತಲ್ಲ, ಅದ ತಣ್ಣಗ." ಬಿಸಿನೀರಿನ ಯಂತ್ರದಲ್ಲಿ ತಣ್ಣೀರು ಹಿಡಿಯುವುದನ್ನು ನಾನು ಕಲಿತದ್ದು ಹೀಗೆ.

ತಂಗಿಯ ಹೆರಿಗೆಯ ಏರ್ಪಾಡನ್ನು ಕೇಳಿ ಇನ್ನೂ ಬೆರಗಾದೆ. ಖಾಸಗಿ ಆಸ್ಪತ್ರೆಯಲ್ಲಿ 'ಪ್ಯಾಕೇಜ್' ತೆಗೆದುಕೊಂಡಿದ್ದರು. ನಮ್ಮಲ್ಲಿ ಕಲ್ಯಾಣ ಮಂಟಪದವರು ಊಟ, ಹೂವು, ವಾಲಗ ಎಲ್ಲ ಸೇರಿಸಿ ಮಾತಾಡುವ ಹಾಗೆ ಇಲ್ಲಿ ಹೆರಿಗೆ. ಕೂಸಿನ ಪಾದದ ಅಚ್ಚು ಕೂಡ ಅದರಲ್ಲೇ ಸೇರಿತ್ತು. ಕೋಣೆಯಲ್ಲಿ ಸೋಫಾ, ಟಿ.ವಿ., ಬೆಳಗಿನ ತಿಂಡಿಗೆ ಮೆನು. ಶೋಭಾ ಸುಖವಾಗಿ ಗಂಡುಮಗುವನ್ನು ಹೆತ್ತಳು. ದಾದಿಯರೆಲ್ಲ ಕೇರಳದವರು, ಫಿಲಿಪೀನ್ಸಿನವರು; ಕೆಲಸ ಚೊಕ್ಕ, ಮಾತು ಮೃದು. ನಮ್ಮ ವಾರ್ಡು ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮಲ್ಲಿ ಕೆಲವು ಸಲ ಒಂದೇ ಮಂಚಕ್ಕೆ ಇಬ್ಬರು ಬಾಣಂತಿಯರು, ಡಾಕ್ಟರರ ಹುದ್ದೆ ಖಾಲಿ, ಜನರೇಟರಿಗೆ ಡೀಸೆಲ್ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಬಾಣಂತಿಗೆ ಎಣ್ಣೆ ಹಚ್ಚಲು ಹತ್ತಿರದ ಬ್ಯೂಟಿ ಪಾರ್ಲರಿನಿಂದ ವನಜಾ ಎಂಬವಳು ಬರುತ್ತಿದ್ದಳು. ಕಾಪುವಿನವಳು, ಮನೆಮಾತು ತುಳು. ಅವಳ ಗಂಡ ಜಯರಾಮ ದೂರದ ಮದೀನತ್ ಜಾಯೆದ್‌ನಲ್ಲಿ ತೈಲ ಕೆಲಸಗಾರರ ಕ್ಯಾಂಪಿನ ಅಡುಗೆಮನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅದು ಅಬುಧಾಬಿಗೆ ಸೇರಿದ ಊರು. ಗಂಡ ಹೆಂಡತಿ ಕೂಡುತ್ತಿದ್ದದ್ದು ರಜೆ ಸಿಕ್ಕಾಗ ಮಾತ್ರ.

ಮೊದಲ ದಿನ ಅವಳು ಬಾಗಿಲಲ್ಲಿ ನಿಂತಾಗಲೇ ನಾನು ಎಣ್ಣೆ ಬಟ್ಟಲು ಕಸಿದುಕೊಂಡೆ. ಅವಳೇ ಏಳೆಂಟು ತಿಂಗಳ ಬಸುರಿ.

"ನೀ ಕುಂದ್ರವಾ. ಎಣ್ಣಿ ನಾ ಹಚ್ಚತೇನಿ."

"ಹಾಗಾದ್ರೆ ನಾನು ಬಂದದ್ದು ಎಂತಕ್ಕೆ ಅಕ್ಕ?"

"ಮಾತಾಡಾಕ."

ಅಂದಿನಿಂದ ಅದೇ ರೂಢಿಯಾಯಿತು. ನಾನು ತಂಗಿಯ ಬೆನ್ನು ತಿಕ್ಕುವುದು, ಅವಳು ಕುರ್ಚಿಯಲ್ಲಿ ಕೂತು ಪಾರ್ಲರಿಗೆ ಬರುವವರ ಕತೆ ಹೇಳುವುದು. ಅವಳ 'ಎಂತ', 'ಉಂಟು' ಕೇಳಿ ನಮಗೆ ನಗು. ನಮ್ಮ 'ಐತಿ', 'ಬರ್ರಿ' ಕೇಳಿ ಅವಳಿಗೆ. ಮೂವರೂ ಕನ್ನಡವನ್ನೇ ಆಡುತ್ತಿದ್ದೆವು, ಆದರೂ ನಡುವೆ ಹಿಂದಿ ಬೇಕಾಗುತ್ತಿತ್ತು.

"ಚೆಕಪ್ ಎಲ್ಲಿ ಮಾಡಿಸ್ತಿ?" ಎಂದು ಒಮ್ಮೆ ಕೇಳಿದೆ.

"ಸುರುವಿಗೆ ಹೋಗಿದ್ದೆ. ಈಗ ಹೆಲ್ತ್ ಕಾರ್ಡ್ ಖಲಾಸ್. ಪಾರ್ಲರಿನ ಮೇಡಂ ರಿನ್ಯೂ ಮಾಡಿಸ್ತೇನೆ ಅಂದಿದ್ದಾರೆ. ಪರ್ವಾಗಿಲ್ಲ ಅಕ್ಕ, ನನಗೆ ಎಂತದೂ ಇಲ್ಲ. ಇನ್ನೆಂತ, ಊರಿಗೆ ಟಿಕೆಟ್ ಆಗಿದೆ. ಅಲ್ಲಿ ಅಮ್ಮ ನೋಡ್ಕೊಳ್ತಾರೆ."

ಮುಹೈಸ್ನಾದ ಶುಕ್ರವಾರ

ಶುಕ್ರವಾರ ರಜೆ. ಮಗ ಹುಟ್ಟಿದ ಪೇಡೆ ಹಂಚಲು ಮಹೇಶ ಮುಹೈಸ್ನಾಕ್ಕೆ ಹೊರಟ. ಅಲ್ಲಿ ಸಾಲು ಸಾಲು ಕಾರ್ಮಿಕರ ವಸತಿ. ಅವನ ಕಂಪನಿಯ ಮೇಸ್ತ್ರಿಗಳು, ಗಾರೆಯವರು ಇದ್ದದ್ದು ಅಲ್ಲೇ. ಆ ಜಾಗಕ್ಕೆ ಅವರಿಟ್ಟ ಹೆಸರು ಸೋನಾಪುರ. ನಾನೂ ಜೊತೆಗೆ ಹೋದೆ.

ಕ್ಯಾಂಪಿನೊಳಗೆ ಹೆಂಗಸರನ್ನು ಬಿಡುವುದಿಲ್ಲ. ಹೀಗಾಗಿ ಗೇಟಿನ ಹೊರಗಿನ ಕಿರಾಣಿ ಅಂಗಡಿಯ ನೆರಳಿನಲ್ಲಿ ನಿಂತೆವು. ಬಾಗಲಕೋಟೆ, ಕೊಪ್ಪಳ ಕಡೆಯ ಹುಡುಗರು ಲುಂಗಿಯಲ್ಲಿ ಬಂದರು. ಮಹೇಶ ಪರಿಚಯಿಸುವಾಗ ನನ್ನ ಕೆಲಸ ಹೇಳಿಬಿಟ್ಟ. ಅಷ್ಟೇ ಸಾಕಾಯಿತು. "ಸಿಸ್ಟರ್, ನಮ್ಮದೂ ಬಿ.ಪಿ. ನೋಡ್ರಿ" ಎಂದು ಒಬ್ಬ ತೋಳು ಚಾಚಿದ. ಯಂತ್ರ ನನ್ನ ಕೈಚೀಲದಲ್ಲೇ ಇತ್ತು. ಅಂಗಡಿಯವನು ತಂಪುಪಾನೀಯದ ಕ್ರೇಟು ಮಗುಚಿ ಕೂರಲು ಕೊಟ್ಟ. ಮಹೇಶನಿಗೆ ಗಾಬರಿ.

"ಅಕ್ಕಾರ, ಇಲ್ಲಿ ಲೈಸೆನ್ಸ್ ಇಲ್ದನ ಯಾರನ್ನೂ ಮುಟ್ಟಂಗಿಲ್ರಿ."

"ಔಷಧ ಕೊಡಂಗಿಲ್ಲ ತಮ್ಮಾ, ಮಾತು ಕೊಡಾಕೇನು."

ಬಸಪ್ಪ ಎಂಬ ಬಾದಾಮಿ ಕಡೆಯ ಗಾರೆಯವನು ಎಲ್ಲರನ್ನೂ ನಗಿಸುತ್ತಿದ್ದ. ಅವನ ಬಿ.ಪಿ. ಏರಿತ್ತು. ಡಾಕ್ಟರಿಗೆ ತೋರಿಸಿದೆಯೇನು ಎಂದರೆ ಅವನ ಉತ್ತರ: "ಇಲ್ಲಿ ಜಡ್ಡು ಬಂದ್ರ ಗುರುವಾರ ಸಂಜಿಕೆ ಬರಬೇಕ್ರಿ ಸಿಸ್ಟರ್, ಶನಿವಾರ ಬಸ್ಸು ಬರೂದ್ರಾಗ ಹೋಗಿಬಿಡಬೇಕು. ಹಂಗ ತಾಲೀಮು ಕೊಟ್ಟೇವಿ ಅದಕ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮಹೇಶನನ್ನು ಪಕ್ಕಕ್ಕೆ ಕರೆದು, ಈ ಮನುಷ್ಯನನ್ನು ಕಂಪನಿಯ ಡಾಕ್ಟರಿಗೆ ತೋರಿಸುವ ಜವಾಬ್ದಾರಿ ನಿನ್ನದು ಎಂದೆ. ಅವನು ತಲೆಯಾಡಿಸಿದ, ಮುಂದೆ ಮಾಡಿಯೂ ತೋರಿಸಿದ.

ಹಿಂದಿರುಗುವಾಗ ಗಾಜಿನ ಗೋಪುರಗಳು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು. ಕಟ್ಟುವುದಕ್ಕೆ ಜಗತ್ತಿನ ಯಾವ ಮೂಲೆಯಿಂದಲಾದರೂ ಆಳು ಬರುತ್ತಾರೆ, ಸಿಮೆಂಟು ಬರುತ್ತದೆ, ದುಡ್ಡು ಬರುತ್ತದೆ. ಆಳಿನ ಜೊತೆ ಅವನ ಶರೀರವೂ ಬಂದಿರುತ್ತದೆ ಎನ್ನುವುದು ಮಾತ್ರ ಯಾರ ಕೆಲಸಕ್ಕೂ ಸೇರಿದ್ದಲ್ಲ. ಈ ಮಾತನ್ನು ಮಹೇಶನಿಗೆ ಹೇಳಿದೆ.

ಶನಿವಾರ, ಮತ್ತೆ ಅಲ್ ಬರ್ಷಾ

ಮರುದಿನ ಬೆಳಿಗ್ಗೆ ವನಜಾ ಬಂದಾಗ ಮಾತಿರಲಿಲ್ಲ. ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡಳು. ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. ಮುಖವೂ ಉಬ್ಬಿತ್ತು.

"ನಿನ್ನೆಯಿಂದ ತಲೆನೋವು ಅಕ್ಕ. ಕಣ್ಣೆದುರು ಮಿಂಚಿದ ಹಾಗೆ ಆಗ್ತದೆ. ಬಿಸಿಲಿಗೆ ಆಗಿರ್ಬೇಕು."

ಅವಳ ತೋಳಿಗೆ ಪಟ್ಟಿ ಸುತ್ತಿದೆ. ಮುಳ್ಳು ನಿಂತ ಜಾಗ ನೋಡಿ ನಂಬಲಾಗದೆ ಇನ್ನೊಂದು ತೋಳಿಗೂ ಸುತ್ತಿದೆ. ಅಲ್ಲೂ ಅಷ್ಟೇ. ಗರ್ಭಿಣಿ ನಂಜು, ಬಸುರಿಯ ಬಿ.ಪಿ. ಏರಿ ಜೀವಕ್ಕೇ ಬರುವ ಕಾಯಿಲೆ. ನಮ್ಮ ವಾರ್ಡಿನಲ್ಲಿ ಇದನ್ನು ಸರಿಯಾದ ಹೊತ್ತಿಗೆ ಹಿಡಿದು ತಾಯಿ ಕೂಸು ಇಬ್ಬರನ್ನೂ ಮನೆಗೆ ಕಳಿಸಿದ್ದುಂಟು. ಎತ್ತಿನ ಗಾಡಿಯಲ್ಲಿ ತಡವಾಗಿ ಬಂದು, ಫಿಟ್ಸ್ ಆಗಿ, ನಮ್ಮ ಕೈಮೀರಿದ್ದೂ ಉಂಟು.

"ಮಹೇಶ, ಕಾರು ತೆಗಿ. ಈಗಿಂದೀಗ ಆಸ್ಪತ್ರಿಗೆ" ಎಂದು ಕೆಲಸಕ್ಕೆ ಹೊರಟಿದ್ದವನನ್ನು ತಡೆದೆ.

"ಅಕ್ಕಾರ, ಆಕಿ ಕಾರ್ಡು…"

ಬಾಣಂತಿ ಶೋಭಾ ಮಗು ಎತ್ತಿಕೊಂಡು ಒಳಗಿನಿಂದ ಬಂದಳು. "ಕಾರ್ಡು ಗೀರ್ಡು ಆಮ್ಯಾಲ ನೋಡೂಣು. ನೀವು ಹೊಂಡ್ರಿ. ನಾವಿಬ್ಬರೂ ಇರತೇವಿ ಮನ್ಯಾಗ."

ತಂಗಿ ಹೆತ್ತ ಆಸ್ಪತ್ರೆಯೇ ಹತ್ತಿರ. ಅಲ್ಲಿಗೇ ಹೋದೆವು. ಸ್ವಾಗತದ ಮೇಜಿನಲ್ಲಿ ಫಿಲಿಪೀನ್ಸಿನ ಹುಡುಗಿ, ಎರಡು ವಾರದ ಹಿಂದೆ ನಮಗೆ ಹೂಗುಚ್ಛ ಕೊಟ್ಟವಳೇ. ವಿಮೆ ಕಾರ್ಡ್ ಕೇಳಿದಳು, ಇಲ್ಲ. ಪ್ಯಾಕೇಜ್ ಬುಕ್ ಆಗಿದೆಯೇ, ಇಲ್ಲ. ಮದುವೆಯ ಸರ್ಟಿಫಿಕೇಟ್, ಅದೂ ಊರಲ್ಲಿ. ಆ ದೇಶದಲ್ಲಿ ಅದಿಲ್ಲದೆ ಹೆರಿಗೆಗೆ ಸೇರಿಸಿಕೊಳ್ಳುವುದು ಕಷ್ಟ. ಅವಳು ಒಳಗೆ ಫೋನು ಮಾಡಿ ಯಾರನ್ನೋ ಬೇಡಿಕೊಂಡಳು. ಕೆಳಗಿಟ್ಟಾಗ ಕಣ್ಣು ತಗ್ಗಿಸಿದ್ದಳು. ಬುಕ್ ಮಾಡದವರನ್ನು ಇಷ್ಟು ತಿಂಗಳು ತುಂಬಿದ ಮೇಲೆ ತೆಗೆದುಕೊಳ್ಳುವುದಿಲ್ಲ, ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಎಂದಳು. ತಾನೇ ಗಾಲಿಕುರ್ಚಿ ತಂದು ವನಜಾಳನ್ನು ಕಾರಿನವರೆಗೆ ತಳ್ಳಿಕೊಂಡು ಬಂದಳು, ನೀರಿನ ಬಾಟಲಿ ಕೊಟ್ಟಳು. ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಸಿಟ್ಟು ಬಂದದ್ದು ಆ ಮೇಜಿನ ಮೇಲೆ. ಈಚೆ ನಿಂತವಳ ಬಿ.ಪಿ. ಆಚೆಗೆ ಕಾಣದ ಹಾಗೆ ಕಟ್ಟಿದ್ದರು ಅದನ್ನು.

ಸರ್ಕಾರಿ ಆಸ್ಪತ್ರೆ

ದಾರಿಯಲ್ಲಿ ವನಜಾ ಒಂದೇ ಮಾತು ಹೇಳುತ್ತಿದ್ದಳು. "ಬೇಡ ಅಕ್ಕ, ರೂಮಿಗೆ ಬಿಡಿ, ಮಲಗಿದ್ರೆ ಸರಿಯಾಗ್ತದೆ. ದೊಡ್ಡ ಬಿಲ್ ಆದ್ರೆ ನನ್ನ ಗಂಡ ಎಂತ ಮಾಡುದು?" ನಾನು ಅವಳ ಕೈ ಹಿಡಿದುಕೊಂಡು, "ಬಿಲ್ಲಿಗೆ ಹೆದರಬ್ಯಾಡ, ಬಿ.ಪಿ.ಗೆ ಹೆದರು" ಎಂದೆ.

ಎಮರ್ಜೆನ್ಸಿಯಲ್ಲೂ ಮೇಜು ಇತ್ತು, ಅಲ್ಲೂ ಅವೇ ಪ್ರಶ್ನೆ ಶುರುವಾದವು. ಈ ಸಲ ನಾನು ಕಾಯಲಿಲ್ಲ. ನನ್ನ ಹಿಂದಿ ಗದಗಿನದು, ಇಂಗ್ಲಿಷ್ ನರ್ಸಿಂಗ್ ಶಾಲೆಯದು. ಎರಡನ್ನೂ ಕಲಸಿ ಗಟ್ಟಿಯಾಗಿ ಬಿ.ಪಿ.ಯ ಅಂಕಿ, ತಲೆನೋವು, ಕಣ್ಣಿನ ಮಿಂಚು, ಬಸುರಿನ ತಿಂಗಳು, ಇಷ್ಟನ್ನೂ ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವಂತೆ ಹೇಳಿದೆ. ಪರದೆಯ ಹಿಂದಿನಿಂದ ಎತ್ತರದ, ಕಪ್ಪನೆಯ ಡಾಕ್ಟರಮ್ಮ ತಲೆ ಹೊರಗೆ ಹಾಕಿದರು. ಸುಡಾನ್ ದೇಶದವರು ಎಂದು ಆಮೇಲೆ ತಿಳಿಯಿತು. ಬಂದವರೇ ವನಜಾಳ ಮಂಡಿಯನ್ನು ತಟ್ಟಿ ನೋಡಿದರು. ಕಾಲು ಅತಿಯಾಗಿ ಜಿಗಿಯಿತು, ಫಿಟ್ಸ್ ಹತ್ತಿರ ಬಂದ ಗುರುತು.

ಮೇಜಿನವನು ಕಾಗದದ ಬಗ್ಗೆ ಏನೋ ಹೇಳಲು ಹೋದ. ಡಾಕ್ಟರಮ್ಮ ಇಂಗ್ಲಿಷಿನಲ್ಲಿ, ನಮಗೂ ತಿಳಿಯಲಿ ಎಂಬಂತೆ ನಿಧಾನವಾಗಿ ಹೇಳಿದರು: "ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಹಾಸಿಗೆ. ಯಲ್ಲಾ."

ಬೇಗ ನಡೆಯಿರಿ ಎಂಬ ಆ 'ಯಲ್ಲಾ'ಕ್ಕೆ ಇಡೀ ಕೋಣೆ ಚಲಿಸಿತು. ಸಲೈನ್ ಏರಿತು, ಫಿಟ್ಸ್ ತಡೆಯುವ ಇಂಜೆಕ್ಷನ್ ಬಂತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವು ನರ್ಸ್?" ಎಂದರು. ಹೌದೆಂದೆ. "ಹಾಗಿದ್ದರೆ ಅವಳ ತಲೆಯ ಹತ್ತಿರ ನಿಲ್ಲಿ. ಅವಳ ಭಾಷೆ ನಮಗೆ ಬರುವುದಿಲ್ಲ." ತುಳು ನನಗೂ ಬರುವುದಿಲ್ಲ ಎಂದು ಹೇಳಲು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು. ಅವಸರದಲ್ಲಿ ಬಂದದ್ದಕ್ಕೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಆದರೆ ಅಳುವುದರಲ್ಲಿ ಏನೂ ಕಡಿಮೆ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಎಲ್ಲರನ್ನೂ ಬೈಯುತ್ತಿರುವಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಜಯರಾಮ ಬಂದ. ಸಿಕ್ಕ ಸಿಕ್ಕ ಬಸ್ಸು ಹತ್ತಿ ಮರುಭೂಮಿ ದಾಟಿ ಬಂದಿದ್ದ. ಬಗಲಲ್ಲಿ ದಪ್ಪನೆಯ ಮದುವೆ ಆಲ್ಬಂ. ಸರ್ಟಿಫಿಕೇಟ್ ಊರಿಂದ ಬರುವವರೆಗೆ ಬೇರೇನು ತೋರಿಸುವುದು ಎಂದು ಅದನ್ನೇ ತಂದಿದ್ದ. ದಾಖಲೆ ವಿಭಾಗದಲ್ಲಿ ಕಂದೂರಾ ಎಂಬ ಬಿಳಿ ನಿಲುವಂಗಿ ತೊಟ್ಟ ಸ್ಥಳೀಯ ಅಧಿಕಾರಿ ಗಂಭೀರವಾಗಿ ಆಲ್ಬಂ ತೆರೆದರು. ಒಂದೊಂದೇ ಪುಟ ತಿರುಗಿಸುತ್ತ ಹೋದರು. ಜಡೆಗೆ ಅಷ್ಟೊಂದು ಮಲ್ಲಿಗೆ ಹೇಗೆ ನಿಲ್ಲುತ್ತದೆ ಎಂದು ಕೇಳಿದರು. ಬಾಳೆಲೆಯ ಊಟದ ಫೋಟೋದಲ್ಲಿ ಯಾವುದು ಸಿಹಿ, ಯಾವುದು ಖಾರ ಎಂದು ವಿಚಾರಿಸಿದರು. ಪಕ್ಕದ ಮೇಜಿನವರೂ ಬಂದು ಬಗ್ಗಿ ನೋಡಿದರು. ಕೊನೆಯ ಪುಟ ಮುಚ್ಚಿ, "ಮದುವೆ ಚೆನ್ನಾಗಿದೆ. ಆದರೆ ಇದು ಸರ್ಟಿಫಿಕೇಟ್ ಅಲ್ಲ" ಎಂದರು. ಜಯರಾಮನ ಮುಖ ಬಿತ್ತು. "ಕಾಗದ ಬರಲಿ. ಅಲ್ಲಿಯವರೆಗೆ ಕಾಯುತ್ತೇನೆ. ಹೋಗಿ ಮಗಳನ್ನು ನೋಡು" ಎಂದು ಆಲ್ಬಂ ಹಿಂದಿರುಗಿಸಿದರು. ಬಿಲ್ಲನ್ನೂ ಕಂತಿನಲ್ಲಿ ಕಟ್ಟಿಸಿಕೊಳ್ಳಲು ಒಪ್ಪಿದರು.

ಅಬುಧಾಬಿಯ ರಸ್ತೆ

ನನ್ನ ವೀಸಾ ಮುಗಿಯುವ ಮೊದಲು ನಾವೆಲ್ಲ ಮದೀನತ್ ಜಾಯೆದ್‌ಗೆ ಹೊರಟೆವು, ವನಜಾಳ ಮಗಳ ನಾಮಕರಣಕ್ಕೆ. ಊರಿಂದ ಸರ್ಟಿಫಿಕೇಟ್ ಬಂದ ಮೇಲೆ ಅವಳು ಪಾರ್ಲರಿನ ಕೆಲಸ ಬಿಟ್ಟು ಗಂಡನ ವೀಸಾದ ಮೇಲೆ ಅಲ್ಲಿಗೆ ಹೋಗಿದ್ದಳು. ಜಯರಾಮ ಒಂದು ವಿಲ್ಲಾದಲ್ಲಿ ಕೋಣೆ ಹಿಡಿದಿದ್ದ.

ದುಡಿಸಿಕೊಳ್ಳುವವರೇ ಕೆಲಸಗಾರರಿಗೂ ಅವರ ಹೆಂಡತಿ ಮಕ್ಕಳಿಗೂ ವಿಮೆ ಮಾಡಿಸಬೇಕೆಂಬ ಕಾನೂನು ಅಬುಧಾಬಿಯಲ್ಲಿ ಆಗಷ್ಟೇ ಬಂದಿತ್ತು. ದುಬೈಯಲ್ಲಿ ಇನ್ನೂ ಇರಲಿಲ್ಲ. "ಎರಡರ ಗಡಿ ಬಂದಾಗ ನನಗ ತೋರ್ಸು" ಎಂದು ಮಹೇಶನಿಗೆ ಹೇಳಿಟ್ಟಿದ್ದೆ. ಚೆಕ್‌ಪೋಸ್ಟ್, ಗೇಟು ಏನಾದರೂ ಇರಬಹುದೆಂದು ಕಿಟಕಿಗೆ ಮುಖ ಹಚ್ಚಿ ಕೂತೆ.

"ದಾಟಿ ಬಂದ್ವಿರಿ ಅಕ್ಕಾರ" ಎಂದ.

"ಎಲ್ಲಿ?"

"ರಸ್ತೆ ಬಾಜೂಕ ಗಿಡ ಜಾಸ್ತಿ ಆದ್ವಲ್ಲ, ಅಲ್ಲೇ."

ತಿರುಗಿ ನೋಡಿದೆ. ಅದೇ ಮರಳು, ಅದೇ ಬಿಸಿಲು. ಗಿಡ ಇಲ್ಲದ ಕಡೆ ಬಸುರಿಯಾದವಳಿಗೆ ಒಂದು ಬದುಕು, ಗಿಡ ಇದ್ದ ಕಡೆ ಇನ್ನೊಂದು. ನಾನು ಓದಿದ ಪುಸ್ತಕದಲ್ಲಿ ಗರ್ಭಿಣಿ ನಂಜಿಗೆ ಇಂಥ ಗಡಿ ಬರೆದಿರಲಿಲ್ಲ.

ಅಬುಧಾಬಿ ನಗರದಲ್ಲಿ ಸಮುದ್ರದ ದಂಡೆಯಲ್ಲಿ ಚಹಾ ಕುಡಿದು ಪಶ್ಚಿಮಕ್ಕೆ ತಿರುಗಿದೆವು. ಅರ್ಧ ದಾರಿಯಲ್ಲಿ ಕಾರಿನ ಎ.ಸಿ. ನಿಂತಿತು. ಕಿಟಕಿ ತೆರೆದರೆ ಒಲೆಯ ಬಾಗಿಲು ತೆರೆದಂತಾಯಿತು. ಪೆಟ್ರೋಲ್ ಬಂಕಿನ ಪಕ್ಕದ ಪುಟ್ಟ ಮಸೀದಿಯಲ್ಲಿ ಹೆಂಗಸರ ಪ್ರಾರ್ಥನಾ ಕೋಣೆ ತಣ್ಣಗಿತ್ತು. ಅದನ್ನು ಗುಡಿಸುತ್ತಿದ್ದ ಬಾಂಗ್ಲಾದ ಹೆಂಗಸು ನಮ್ಮ ಕೂಸನ್ನು ಕಂಡು ಕೈಹಿಡಿದು ಒಳಗೆ ಕೂರಿಸಿದಳು. ಮಹೇಶ ಎ.ಸಿ. ರಿಪೇರಿ ಮಾಡಿಸುವವರೆಗೆ ಅಲ್ಲೇ ತಂಗಿ ಮಗನಿಗೆ ಹಾಲು ಕುಡಿಸಿದಳು, ನಾನು ಗೋಡೆಗೊರಗಿ ಒಂದು ಒಳ್ಳೆಯ ನಿದ್ದೆ ತೆಗೆದೆ.

ಮದೀನತ್ ಜಾಯೆದ್

ಜಯರಾಮನ ಕ್ಯಾಂಪಿನ ಅಡುಗೆಮನೆಯೇ ನಾಮಕರಣಕ್ಕೆ ಬಂದಂತಿತ್ತು. ನೇಪಾಳಿ ಅಡುಗೆಯವನು ಹೋಳಿಗೆ ಮಾಡಲು ಕಲಿತು ಬಂದಿದ್ದ. ಹೋಳಿಗೆ ಪರೋಟದ ಕಡೆಗೇ ವಾಲಿತ್ತು, ರುಚಿಗೆ ಮಾತ್ರ ಮೋಸವಿರಲಿಲ್ಲ. ಪೇಶಾವರದ ಲಾರಿ ಡ್ರೈವರ್ ತೊಟ್ಟಿಲು ತೂಗಿಸುವ ಕೊಕ್ಕೆಯನ್ನು ತಾನೇ ಛಾವಣಿಗೆ ಹೊಡೆದು, ತನ್ನ ಭಾರವನ್ನೆಲ್ಲ ಹಾಕಿ ಜೋತಾಡಿ ಪರೀಕ್ಷಿಸಿದ್ದ. ವನಜಾ ನೆಟ್ಟಗೆ ಕೂತಿದ್ದಳು, ಪಾದದ ಬಾವು ಇಳಿದಿತ್ತು. ಹಿಂದಿನ ದಿನವಷ್ಟೇ ಅಲ್ಲಿನ ಆಸ್ಪತ್ರೆಗೆ ಹೋಗಿ ವಿಮೆ ಕಾರ್ಡು ತೋರಿಸಿ ಕೂಸಿಗೆ ಲಸಿಕೆ ಹಾಕಿಸಿ ಬಂದಿದ್ದಳಂತೆ. ಅದನ್ನು ಸಂತೆಗೆ ಹೋಗಿ ಬಂದಷ್ಟು ಸಹಜವಾಗಿ ಹೇಳಿದಳು. ಆ ಸಹಜತೆಯೇ ನನಗೆ ಅಂದಿನ ಊಟಕ್ಕಿಂತ ಹಿಡಿಸಿತು.

ಮಗುವಿಗೆ ಸಾನ್ವಿ ಎಂದು ಹೆಸರಿಟ್ಟರು. ಹಾಡು ಹೇಳುವ ಹಿರಿಯ ಹೆಂಗಸು ಬೇರಾರೂ ಇಲ್ಲದ್ದರಿಂದ ಜೋಗುಳ ನನ್ನ ಪಾಲಿಗೆ ಬಂತು. ನನಗೆ ಬರುತ್ತಿದ್ದದ್ದನ್ನು ಹಾಡಿದೆ. ಪೇಶಾವರದವನು ಕಣ್ಣುಮುಚ್ಚಿ ತಲೆದೂಗಿದ.

ಆಮೇಲೆ ಕಾಪುವಿನಿಂದ ವನಜಾಳ ತಾಯಿಯ ಫೋನು ಬಂತು. ಮಗಳ ಹೆರಿಗೆಗೆ ತಾನಿರಲಿಲ್ಲ ಎಂಬ ಸಂಕಟ ಆ ಮುದುಕಿಗೆ. ನನ್ನ ಹತ್ತಿರ ಮಾತಾಡಬೇಕೆಂದು ಹಟ ಹಿಡಿದರಂತೆ. ಫೋನು ಕಿವಿಗಿಟ್ಟುಕೊಂಡೆ. ಅವರಿಗೆ ತುಳು ಬಿಟ್ಟು ಬೇರೆ ಬಾರದು, ನನಗೆ ತುಳು ಬಾರದು. ಅವರು ಒಂದೇ ಪ್ರಶ್ನೆಯನ್ನು ತಿರುಗಿ ತಿರುಗಿ ಕೇಳುತ್ತಿದ್ದರು, ನಾನು "ಹೂನ್ರಿ, ಹೂನ್ರಿ" ಎನ್ನುತ್ತಿದ್ದೆ.

"ಏನ್ ಕೇಳಾಕತ್ಯಾರ ನಿಮ್ಮವ್ವ?" ಎಂದು ವನಜಾಳನ್ನು ಕೇಳಿದೆ.

ಅವಳು ನಗುತ್ತ ಹೇಳಿದಳು, "ನೀವು ನಮಗೆ ಎಂತ ಆಗ್ಬೇಕು ಅಂತ ಕೇಳ್ತಾರೆ ಅಕ್ಕ. ಯಾವ ಕಡೆಯ ಸಂಬಂಧ ಅಂತ."

ನಾನು ಯೋಚಿಸಿದೆ. ಜಾತಿ ಬೇರೆ, ಜಿಲ್ಲೆ ಬೇರೆ, ಮನೆಮಾತು ಬೇರೆ.

"ಸರ್ಕಾರಿ ದವಾಖಾನಿಯಾಕಿ ಅಂತ ಹೇಳು."

ವನಜಾ ತುಳುವಿನಲ್ಲಿ ಹೇಳಿದಳು. ಮುದುಕಿಯ ದನಿ ನಿರಾಳವಾಗಿ ಕೇಳಿಸಿತು: "ಅಂಚಾಂಡ ನಮ್ಮಕುಲೇ."

ಹಾಗಾದರೆ ನಮ್ಮವರೇ, ಎಂದು ವನಜಾ ಕನ್ನಡ ಮಾಡಿ ಹೇಳುವ ಮೊದಲೇ ಅದು ನನಗೆ ತಿಳಿದಿತ್ತು.